ಮಲಪ್ರಭೆಯ ದಂಡೆಯಲ್ಲಿ ಸೀರೆಯುಟ್ಟ ಗಂಡಸರು: ಸಮಾಜದ ಬದಲಾದ ನೋಟ ಮತ್ತು ಧರ್ಮಸಭೆಯ ಹೊಣೆ

ಐಹೊಳೆಯಲ್ಲಿ ಮಲಪ್ರಭೆಯ ದಂಡೆಗೆ ಬಂದವರಿಗೆ ಊರಿನವರು ಪರಶುರಾಮನ ಕಥೆಯನ್ನು ಹೇಳುತ್ತಾರೆ. ಕ್ಷತ್ರಿಯರನ್ನು ಸಂಹರಿಸಿ ಬಂದ ಅವನು ತನ್ನ ಕೊಡಲಿಯನ್ನು ಇಲ್ಲಿ ತೊಳೆದಾಗ ನೀರೆಲ್ಲ ಕೆಂಪಾಯಿತಂತೆ. ಅದನ್ನು ಕಂಡ ಹೆಣ್ಣುಮಗಳೊಬ್ಬಳು ‘ಅಯ್ಯೋ ಹೊಳೆ!’ ಎಂದು ಕೂಗಿದಳಂತೆ. ಊರ ಹೆಸರಿನ ಈ ವಿವರಣೆ ಜನಪದರದು. ಶಾಸನಗಳಲ್ಲಿ ಊರು ಅಯ್ಯಾವೊಳೆ, ಆರ್ಯಪುರ ಎಂದು ಕಾಣಿಸಿಕೊಳ್ಳುತ್ತದೆ. ಇದೇ ನದಿಯ ಮೇಲ್ಭಾಗದ ಸವದತ್ತಿ ಗುಡ್ಡದಲ್ಲಿ ಅದೇ ಕುಟುಂಬದ ಇನ್ನೊಂದು ಕಥೆ ಜೀವಂತವಾಗಿದೆ. ತಾಯಿ ರೇಣುಕೆಯ ತಲೆ ಕಡಿಯಲು ಜಮದಗ್ನಿ ಆಜ್ಞಾಪಿಸಿದಾಗ ಹಿರಿಯ ಮಕ್ಕಳು ಒಪ್ಪಲಿಲ್ಲ. ತಂದೆಯ ಶಾಪದಿಂದ ಗಂಡಸುತನ ಕಳೆದುಕೊಂಡರು. ಕಿರಿಯವನಾದ ಪರಶುರಾಮ ಒಪ್ಪಿದ. ಎಲ್ಲಮ್ಮನ ಸೇವೆಗಾಗಿ ಸೀರೆಯುಡುವ ಜೋಗಪ್ಪಗಳು ತಮ್ಮ ಮೂಲವನ್ನು ಆ ಹಿರಿಯ ಮಕ್ಕಳಲ್ಲಿ ಕಾಣುತ್ತಾರೆ. ಈ ಕಥೆಯಂತೆ ಸೀರೆಯು ತಾಯಿಯ ಮೇಲೆ ಕೈಯೆತ್ತದವರ ಉಡುಗೆ.

ಹೆಣ್ಣಿನ ಉಡುಪು ತೊಟ್ಟ ಗಂಡಸನ್ನು ಈ ಸೀಮೆಯ ಸಮಾಜ ಬೇರೆ ಬೇರೆ ಕಾಲಗಳಲ್ಲಿ ಹೇಗೆ ನೋಡಿತು, ಆ ನೋಟ ಏಕೆ ಬದಲಾಯಿತು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ನಮ್ಮ ಧರ್ಮಕೇಂದ್ರಗಳ ಬಾಗಿಲಿಗೂ ಅಂಥವರು ಬರುವುದರಿಂದ, ಇದು ಗುರುಗಳಿಗೂ ಗುರು ಅಭ್ಯರ್ಥಿಗಳಿಗೂ ಸಂಬಂಧಿಸಿದ ವಿಚಾರವೇ ಆಗಿದೆ.

ಕಲ್ಲಿನಲ್ಲಿ, ವಚನದಲ್ಲಿ

ಬಾದಾಮಿಯ ಮೊದಲನೆಯ ಗುಹೆಯಲ್ಲಿಯೂ ಐಹೊಳೆಯ ರಾವಣಫಡಿಯಲ್ಲಿಯೂ ಚಾಲುಕ್ಯ ಶಿಲ್ಪಿಗಳು ಅರ್ಧನಾರೀಶ್ವರನನ್ನು ಕಡೆದಿದ್ದಾರೆ. ಒಂದೇ ದೇಹದ ಒಂದು ಪಾರ್ಶ್ವ ಗಂಡು, ಇನ್ನೊಂದು ಹೆಣ್ಣು. ಉಡುಗೆ ತೊಡುಗೆಗಳೂ ಅದರಂತೆಯೇ ಬೇರೆ. ನದಿ ಇನ್ನೂ ಮುಂದೆ ಹರಿದು ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಬಸವಣ್ಣನವರು ಐಕ್ಯರಾದ ಆ ಸ್ಥಳದ ಪರಂಪರೆಯಲ್ಲಿ ಶರಣನು ಸತಿ, ಲಿಂಗವು ಪತಿ. ಒಳಗಿನ ಆತ್ಮಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ ಎಂಬ ಜೇಡರ ದಾಸಿಮಯ್ಯನ ವಚನವೂ ಪ್ರಸಿದ್ಧವಾದುದೇ.

ಆದರೆ ಇವುಗಳಿಂದ ಅವಸರದ ತೀರ್ಮಾನಕ್ಕೆ ಬರಬಾರದು. ಶಿಲ್ಪವೊಂದು ದೇವರನ್ನು ಕುರಿತು ಹೇಳುವ ಮಾತು ನೆರೆಮನೆಯ ಮನುಷ್ಯನನ್ನು ಕುರಿತ ಮಾತಾಗಬೇಕೆಂದಿಲ್ಲ. ಅರ್ಧನಾರೀಶ್ವರನಿಗೆ ಕೈಮುಗಿಯುವವರೇ ಸೀರೆಯುಟ್ಟ ಮಗನನ್ನು ಮನೆಯಿಂದ ಹೊರಗೆ ಹಾಕಿದ ಉದಾಹರಣೆಗಳು ಇಲ್ಲದಿಲ್ಲ. ಈ ನಾಡಿನ ಕಲ್ಪನೆಗೆ ಅಂಥ ರೂಪ ಅಪರಿಚಿತವಾಗಿರಲಿಲ್ಲ ಎಂಬಷ್ಟನ್ನು ಮಾತ್ರ ಇವುಗಳಿಂದ ತಿಳಿಯಬಹುದು.

ಗುಡ್ಡದಲ್ಲಿ ದೊರೆತ ಸ್ಥಾನ

ಜೋಗಪ್ಪನಾಗುವುದು ಸ್ವಂತ ಆಯ್ಕೆಯೆಂದು ಸಮಾಜ ತಿಳಿಯಲಿಲ್ಲ. ತಲೆಯಲ್ಲಿ ಜಡೆ ಕಟ್ಟಿದರೆ, ವಾಸಿಯಾಗದ ಚರ್ಮರೋಗ ಬಂದರೆ, ಹುಡುಗನಲ್ಲಿ ಹೆಣ್ಣಿನ ನಡೆನುಡಿ ಕಂಡರೆ ‘ಎಲ್ಲಮ್ಮ ಹಿಡಿದಿದ್ದಾಳೆ’ ಎಂದರು. ಮುತ್ತು ಕಟ್ಟಿಸಿಕೊಂಡ ಮೇಲೆ ಅವರು ಸೀರೆಯುಟ್ಟು, ತಲೆಯ ಮೇಲೆ ಜಗ ಹೊತ್ತು, ಚೌಡಿಕೆ ಬಾರಿಸುತ್ತ ಮಂಗಳವಾರ ಶುಕ್ರವಾರಗಳಂದು ಮನೆಮನೆಗೆ ಜೋಗಕ್ಕೆ ಹೋಗುತ್ತಿದ್ದರು. ಮನೆಯ ಹೆಣ್ಣುಮಕ್ಕಳು ಜೋಳ ನೀಡಿ, ಭಂಡಾರ ಹಚ್ಚಿಸಿಕೊಂಡು, ಅವರ ಪಾದ ಮುಟ್ಟುತ್ತಿದ್ದರು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ‘ಉಧೋ ಉಧೋ’ ಎಂಬ ಕೂಗಿನ ನಡುವೆ ಇಂದಿಗೂ ಅವರನ್ನು ಕಾಣಬಹುದು.

ಇದು ಗೌರವವೇ ಹೌದು. ಆದರೆ ಬೆಲೆ ತೆತ್ತು ಪಡೆದ ಗೌರವ. ದೇವಿಯ ಗುರುತಾಗಿ ಅವರಿಗೆ ಸ್ಥಾನವಿತ್ತು. ಮಗನಾಗಿ, ವಾರಸುದಾರನಾಗಿ, ಒಂದು ಕೆಲಸಕ್ಕೆ ಅರ್ಹನಾದ ಆಳಾಗಿ ಇರಲಿಲ್ಲ. ಪಾದ ಮುಟ್ಟಿದವರು ಪಂಕ್ತಿಯಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳುತ್ತಿರಲಿಲ್ಲ. ಬಡತನದ ಮನೆಗಳಲ್ಲಿ ಹರಕೆಯು ಒತ್ತಾಯವಾಗಿಯೂ ಇತ್ತು. 1982ರ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆಯು ದೇವದಾಸಿಯೆಂದರೆ ಸ್ತ್ರೀ ಎಂದೇ ನಿರೂಪಿಸಿದ್ದರಿಂದ, ಹೀಗೆ ಸಮರ್ಪಿತರಾದ ಹುಡುಗರು ಅದರ ನೆರಳಿಗೂ ಬರಲಿಲ್ಲ.

ರಂಗದ ಮೇಲೆ

ಇದೇ ಇಳಕಲ್ ಸೀರೆ, ಇದೇ ಗುಳೇದಗುಡ್ಡದ ಖಣದ ಕುಪ್ಪಸ ಇನ್ನೊಂದು ಕಡೆಯೂ ಗಂಡಸಿನ ಮೈಮೇಲೆ ಇದ್ದವು. ದೊಡ್ಡಾಟ, ಸಣ್ಣಾಟ, ಕೃಷ್ಣ ಪಾರಿಜಾತಗಳಲ್ಲಿ, ಬಳಿಕ ವೃತ್ತಿ ಕಂಪನಿಗಳ ನಾಟಕಗಳಲ್ಲಿ ಗಂಡಸರು ಸ್ತ್ರೀಪಾತ್ರ ವಹಿಸುವುದು ರೂಢಿಯಾಗಿತ್ತು. ಮರಾಠಿ ರಂಗಭೂಮಿಯ ಬಾಲಗಂಧರ್ವರು (1888–1967) ಸೀರೆಯುಟ್ಟ ರೀತಿಯನ್ನು ಕುಲೀನ ಮನೆತನದ ಹೆಂಗಸರೇ ಅನುಕರಿಸುತ್ತಿದ್ದರು; ಭಾರತ ಸರಕಾರ ಅವರಿಗೆ 1964ರಲ್ಲಿ ಪದ್ಮಭೂಷಣ ನೀಡಿತು. ಸವದತ್ತಿ ಸೀಮೆಯ ಏಣಗಿ ಬಾಳಪ್ಪನವರು (1914–2017) ಕೂಡ ಸ್ತ್ರೀಪಾತ್ರಗಳಲ್ಲಿ ಅಭಿನಯಿಸಿದವರೇ.

ಇಲ್ಲಿ ಸೀರೆಯುಟ್ಟವನನ್ನು ಯಾರೂ ಹೀಯಾಳಿಸಲಿಲ್ಲ. ಅದು ಅವನ ವಿದ್ಯೆ, ಅನ್ನದ ದಾರಿ. ಆದರೆ ಆ ಮನ್ನಣೆಯ ಹಿಂದೆ ಒಂದು ಅನ್ಯಾಯವೂ ಇತ್ತು. ಮರ್ಯಾದಸ್ಥರ ಮನೆಯ ಹೆಣ್ಣು ರಂಗವೇರಬಾರದೆಂಬ ಕಟ್ಟು ಇದ್ದುದರಿಂದಲೇ ಗಂಡಸಿಗೆ ಆ ಪಾತ್ರ ದೊರೆತಿತ್ತು. 20ನೇ ಶತಮಾನದ ಮೊದಲ ದಶಕಗಳಲ್ಲಿ ನಟಿಯರು ಕಂಪನಿಗಳಿಗೆ ಬಂದರು. ಆ ಬದಲಾವಣೆ ನ್ಯಾಯವಾದುದೇ. ಅದರ ಜೊತೆಗೆ ಗಂಡಸಿನ ಸ್ತ್ರೀವೇಷ ಕಲೆಯ ಸ್ಥಾನದಿಂದ ಇಳಿದು ನಗೆಯ ಸಾಮಗ್ರಿಯಾಯಿತು. ಸಿನಿಮಾ ಮತ್ತು ದೂರದರ್ಶನದ ಹಾಸ್ಯದಲ್ಲಿ ಅದು ಇಂದಿಗೂ ಹಾಗೆಯೇ ಉಳಿದಿದೆ.

ಕಾಯ್ದೆಯ ಕಣ್ಣಿನಲ್ಲಿ

ನೋಟ ಬದಲಾದುದಕ್ಕೆ ಮೂರನೆಯ ಕಾರಣ ಸರಕಾರದ ಕಾಯ್ದೆ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಎರಡನೆಯ ಭಾಗವು, ನಪುಂಸಕರೆಂದು ತಾನು ಕರೆದವರ ಪಟ್ಟಿ ತಯಾರಿಸಲು ಆಜ್ಞಾಪಿಸಿತು. ಪಟ್ಟಿಯಲ್ಲಿದ್ದವರು ಹೆಣ್ಣಿನ ಉಡುಪು ಅಥವಾ ಒಡವೆ ಧರಿಸಿ ಬೀದಿಯಲ್ಲಿ ಕಾಣಿಸಿಕೊಂಡರೆ ಎರಡು ವರ್ಷಗಳವರೆಗೆ ಸೆರೆವಾಸ. ಆ ಭಾಗ ಆರಂಭದಲ್ಲಿ ಜಾರಿಗೆ ಬಂದುದು ಉತ್ತರ ಭಾರತದಲ್ಲಿ. ಆದರೆ ಅದರ ಹಿಂದಿನ ಭಾವನೆ ಎಲ್ಲೆಡೆಗೂ ಹರಡಿತು. ಇಳಕಲ್ಲಿನಾಚೆಯ ಕುಷ್ಟಗಿ, ಲಿಂಗಸುಗೂರು ಸೀಮೆಗಳನ್ನು ಆಳುತ್ತಿದ್ದ ಹೈದರಾಬಾದ್ ಸಂಸ್ಥಾನವು 1919ರಲ್ಲಿ ಇಂಥದೇ ಕಾಯ್ದೆ ಮಾಡಿತು. ತೆಲಂಗಾಣ ಉಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿದ್ದು 2023ರಲ್ಲಿ. ಕರ್ನಾಟಕ ಪೊಲೀಸ್ ಕಾಯ್ದೆಗೂ 2011ರಲ್ಲಿ ಅದೇ ಧಾಟಿಯ 36ಎ ಕಲಮು ಸೇರಿತ್ತು.

2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ನಾಲ್ಸಾ ಪ್ರಕರಣದಲ್ಲಿ ತೃತೀಯ ಲಿಂಗಿಗಳ ಸಾಂವಿಧಾನಿಕ ಹಕ್ಕುಗಳನ್ನು ಎತ್ತಿಹಿಡಿಯಿತು. ಉಡುಪು ಕೂಡ ವ್ಯಕ್ತಿಯ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೇ ಬರುತ್ತದೆ ಎಂದಿತು. ಒಂದು ಕಾಲದಲ್ಲಿ ಬೀದಿಯಲ್ಲಿ ಭಿಕ್ಷೆ ಬೇಡಿದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಅವರು ತಮ್ಮ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದು ಹರಸಿದ ದೃಶ್ಯವನ್ನು ನಾಡೇ ನೋಡಿತು. ಜೋಗಪ್ಪಗಳೆಲ್ಲರೂ ತಮ್ಮನ್ನು ತೃತೀಯ ಲಿಂಗಿಗಳೆಂದು ಗುರುತಿಸಿಕೊಳ್ಳುವುದಿಲ್ಲ ಎಂಬುದನ್ನೂ ಇಲ್ಲಿ ನೆನಪಿಡಬೇಕು. ಹಳೆಯ ಪದಕ್ಕೂ ಹೊಸ ಪದಕ್ಕೂ ನಡುವೆ ನಿಂತವರು ಹಲವರು.

ನಮ್ಮ ಬಾಗಿಲಿನಲ್ಲಿ

ಇನ್ನು ನನ್ನದೇ ಒಂದು ತಪ್ಪನ್ನು ಹೇಳಬೇಕು. ಗುರುದೀಕ್ಷೆಯಾದ ಹೊಸತರಲ್ಲಿ ಈ ಭಾಗದ ಹಳ್ಳಿಯೊಂದರಲ್ಲಿ ಸಹಾಯಕ ಗುರುವಾಗಿದ್ದೆ. ಮಾತೆ ಮರಿಯಮ್ಮನವರ ಹಬ್ಬದ ದಿನ, ಮಾಸಿದ ಇಳಕಲ್ ಸೀರೆಯುಟ್ಟ ಜೋಗಪ್ಪನೊಬ್ಬ ದೇವಾಲಯದ ಮೆಟ್ಟಿಲ ಬಳಿ ನಿಂತು, ‘ತಾಯಿಗೊಂದು ಬತ್ತಿ ಹಚ್ಚತೀನ್ರಿ, ಸ್ವಾಮ್ಯಾರ’ ಎಂದರು. ಜನ ನಗುತ್ತಿದ್ದರು. ಗಂಡಸಿನ ಬಟ್ಟೆ ಹಾಕಿಕೊಂಡು ಬನ್ನಿ ಎಂದೆ. ‘ಇದನ್ನ ಬಿಟ್ರ ನನಗ ಬ್ಯಾರೆ ಬಟ್ಟಿ ಇಲ್ರೀ’ ಎಂದು ಅವರು ಮೇಣದಬತ್ತಿಯನ್ನು ಮೆಟ್ಟಿಲ ಮೇಲಿಟ್ಟು ಹೊರಟುಹೋದರು. ಹಾಗೆ ಹೇಳಿದ ನಾನು ಕಣಕಾಲಿನವರೆಗೆ ಇಳಿದ ಬಿಳಿಯ ನಿಲುವಂಗಿಯಲ್ಲಿದ್ದೆ.

ಆಗ ನನ್ನ ಮನಸ್ಸಿನಲ್ಲಿದ್ದುದು ಧರ್ಮೋಪದೇಶಕಾಂಡ 22:5. ಗಂಡು ಹೆಣ್ಣಿನ, ಹೆಣ್ಣು ಗಂಡಿನ ಉಡುಪು ತೊಡುವುದನ್ನು ಅದು ಸರ್ವೇಶ್ವರನಿಗೆ ಹೇಸಿಗೆಯೆನ್ನುತ್ತದೆ. ಆದರೆ ಈ ವಚನವನ್ನು ಒಂಟಿಯಾಗಿ ಓದುವುದು ಗುರುವಿಗೆ ತಕ್ಕದ್ದಲ್ಲ. ಸಂತ ತೋಮಸ್ ಅಕ್ವಿನಾಸರು ‘ಸುಮ್ಮ ಥಿಯೊಲಾಜಿಯ’ದ ಎರಡನೆಯ ಭಾಗದ ಎರಡನೆಯ ವಿಭಾಗ, 169ನೇ ಪ್ರಶ್ನೆಯಲ್ಲಿ ಇದನ್ನು ಚರ್ಚಿಸುತ್ತಾರೆ. ಅನ್ಯಜನರ ವಿಗ್ರಹಾರಾಧನೆಯಲ್ಲಿ ಈ ವೇಷಬದಲು ಬಳಕೆಯಲ್ಲಿದ್ದುದರಿಂದ ಧರ್ಮಶಾಸ್ತ್ರ ಅದನ್ನು ನಿಷೇಧಿಸಿತು ಎನ್ನುತ್ತಾರೆ. ಹಾಗೆ ನೋಡಿದರೆ ಜೋಗಪ್ಪನ ಸೀರೆ ಆ ನಿಷೇಧಕ್ಕೆ ದೂರದ್ದಲ್ಲ, ತೀರ ಹತ್ತಿರದ್ದೇ. ಇದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಆದರೆ ಅಕ್ವಿನಾಸರು ಅಲ್ಲಿಯೇ, ಅವಶ್ಯಕತೆಯಿದ್ದಾಗ ಪಾಪವಿಲ್ಲದೆ ಹೀಗೆ ಉಡಬಹುದು ಎಂದೂ ಹೇಳುತ್ತಾರೆ. ಶತ್ರುಗಳಿಂದ ಅಡಗಿಕೊಳ್ಳಲು, ಅಥವಾ ಬೇರೆ ಬಟ್ಟೆ ಇಲ್ಲದಿರುವಾಗ ಎಂಬುವು ಅವರು ಕೊಡುವ ಉದಾಹರಣೆಗಳು. ಅದನ್ನು ಓದಿದ ದಿನ ಮೆಟ್ಟಿಲ ಮೇಲಿನ ಆ ಮಾತು ನನಗೆ ಮತ್ತೆ ಕೇಳಿಸಿತು.

ಪವಿತ್ರ ಗ್ರಂಥದೊಳಗೂ ನೋಟ ಬೆಳೆಯುತ್ತ ಹೋಗುತ್ತದೆ. ಬೀಜ ಒಡೆಸಿಕೊಂಡವನು ಸಭೆ ಸೇರಬಾರದೆಂದು ಧರ್ಮೋಪದೇಶಕಾಂಡದ 23ನೇ ಅಧ್ಯಾಯ ಹೇಳಿದರೆ, ಯೆಶಾಯನ 56ನೇ ಅಧ್ಯಾಯ ನಪುಂಸಕನಿಗೆ ಗಂಡು ಹೆಣ್ಣುಮಕ್ಕಳಿಗಿಂತ ಮೇಲಾದ ಹೆಸರನ್ನು ವಾಗ್ದಾನ ಮಾಡುತ್ತದೆ. ಪ್ರೇಷಿತರ ಕಾರ್ಯಕಲಾಪಗಳ 8ನೇ ಅಧ್ಯಾಯದಲ್ಲಿ ಫಿಲಿಪ್ಪನು ಇಥಿಯೋಪಿಯದ ಕಂಚುಕಿಗೆ ದಾರಿಯಲ್ಲಿಯೇ ದೀಕ್ಷಾಸ್ನಾನ ನೀಡುತ್ತಾನೆ. ಪೌಲನ ಪ್ರಕಾರ ದೀಕ್ಷಾಸ್ನಾನ ಪಡೆದವರು ಉಟ್ಟುಕೊಳ್ಳುವುದು ಕ್ರಿಸ್ತರನ್ನೇ.

ಧರ್ಮಸಭೆಯ ಇಂದಿನ ಬೋಧನೆಯನ್ನು ಎರಡೂ ಕಡೆಯಿಂದ ಓದಬೇಕು. 2024ರ ‘ದಿಗ್ನಿತಾಸ್ ಇನ್ಫಿನಿತಾ’ ಘೋಷಣೆಯು ದೇಹದ ಲಿಂಗಭೇದ ದೇವರ ಕೊಡುಗೆಯೆಂದು ಹೇಳಿ ಲಿಂಗಸಿದ್ಧಾಂತವನ್ನು ಒಪ್ಪುವುದಿಲ್ಲ. ಜೊತೆಗೇ, ಯಾವ ಸ್ಥಿತಿಯಲ್ಲಿಯೂ ಮನುಷ್ಯನ ಘನತೆ ಕುಂದದೆಂದು ಸಾರುತ್ತದೆ. ಅದಕ್ಕೂ ಮುಂಚೆ, 2023ರ ಅಕ್ಟೋಬರ್ 31ರ ಉತ್ತರದಲ್ಲಿ ವಿಶ್ವಾಸಬೋಧನೆಯ ಪೀಠವು, ಸಾರ್ವಜನಿಕ ಅಪಚಾರಕ್ಕೋ ಗೊಂದಲಕ್ಕೋ ಎಡೆಯಿಲ್ಲದಿದ್ದರೆ ತೃತೀಯ ಲಿಂಗಿಯೊಬ್ಬರು ಇತರರಂತೆಯೇ ದೀಕ್ಷಾಸ್ನಾನ ಪಡೆಯಬಹುದೆಂದು ತಿಳಿಸಿದೆ. ದೀಕ್ಷಾಸ್ನಾನದ ವಿಚಾರವೇ ಹೀಗಿರುವಾಗ, ಮೇಣದಬತ್ತಿ ಹಚ್ಚಲು ಬಂದವರನ್ನು ತಡೆಯಲು ನನಗೆ ಯಾವ ಆಧಾರವೂ ಇರಲಿಲ್ಲ.

ಈ ಸೀಮೆಯ ಇತಿಹಾಸದಲ್ಲಿ ಗುಡ್ಡ ಅವರನ್ನು ದೇವಿಯ ಗುರುತಾಗಿ ಕಂಡಿತು, ರಂಗ ಕಲೆಯಾಗಿ ಕಂಡಿತು, ಕಾಯ್ದೆ ಮೊದಲು ಅಪರಾಧವಾಗಿಯೂ ಬಳಿಕ ಹಕ್ಕಾಗಿಯೂ ಕಂಡಿತು. ಈ ಎಲ್ಲ ನೋಟಗಳೂ ನಿಂತುದು ಸೀರೆಯ ಮೇಲೆ. ಧರ್ಮಕೇಂದ್ರಕ್ಕೆ ಹೋಗಲಿರುವ ಗುರು ಅಭ್ಯರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೇ: ಅಂಥವರು ಬಾಗಿಲಿಗೆ ಬಂದಾಗ ಮೊದಲು ಅವರ ಹೆಸರು ಕೇಳಿ. ನಾನು ಅಂದು ಅದನ್ನೂ ಕೇಳಲಿಲ್ಲ.