ಎಷ್ಟು ಮಳೆಗಾಲ ತಾಳುವ ಲ್ಯಾಪ್‌ಟಾಪ್?

ಮೇ ತಿಂಗಳ ಕೊನೆಗೆ ಕಾಯ್ಕಿಣಿಯ ಮನೆಗಳಲ್ಲಿ ಎರಡು ಖರೀದಿಗಳ ಮಾತು ಒಟ್ಟಿಗೆ ನಡೆಯುತ್ತದೆ. ಜಗಲಿಗೆ ಎರಚಲು ಬಾರದಂತೆ ಕಟ್ಟುವ ತಾಡಪತ್ರಿ ಒಂದು, ಕಾಲೇಜು ಸೇರುವ ಮಗಳಿಗೋ ಮಗನಿಗೋ ಲ್ಯಾಪ್‌ಟಾಪ್ ಇನ್ನೊಂದು. ಮುರ್ಡೇಶ್ವರದ ಪಾಲಿಟೆಕ್ನಿಕ್, ಭಟ್ಕಳದ ಅಂಜುಮನ್ ಎಂಜಿನಿಯರಿಂಗ್ ಕಾಲೇಜು, ಹೊನ್ನಾವರದ ಎಸ್‌ಡಿಎಂ, ಕುಮಟಾದ ಬಾಳಿಗಾ ಕಾಲೇಜು, ಎಲ್ಲಿಗೆ ಹೋದರೂ ಇಂದು ಅದು ಬೇಕು. ಹೊರಗಿನವರಿಗೆ ಕಾಯ್ಕಿಣಿ ಎಂದರೆ ಗೌರೀಶ, ಜಯಂತ, ಗಾಯಕ ದಿನಕರ ಇವರ ಹೆಸರಿನ ಮುಂದಿನ ಪದ. ಇಲ್ಲಿರುವವರಿಗೆ ಅದು ತೋಟ, ಗದ್ದೆ, ಹೆದ್ದಾರಿ, ಸಮೀಪದ ಕಡಲು, ಮತ್ತು ವರ್ಷಕ್ಕೆ 3500 ಮಿಲಿಮೀಟರಿನ ಆಸುಪಾಸು ಸುರಿಯುವ ಮಳೆ.

ಹೋದ ವರ್ಷ ಪರಿಚಯದ ತಂದೆಯೊಬ್ಬರು ಮಗಳ ಜೊತೆ ಮನೆಗೆ ಬಂದಿದ್ದರು. ಕೈಯಲ್ಲಿದ್ದದ್ದು ಸಂಘದ ಸಾಲವೂ ಸೇರಿ 38 ಸಾವಿರ. ಅಂಗಡಿಯವರು ಕೊಟ್ಟ ಮೂರು ಚೀಟಿಗಳನ್ನು ಮೇಜಿನ ಮೇಲೆ ಇಟ್ಟು ಅವರು ಕೇಳಿದ್ದು ಒಂದೇ ಪ್ರಶ್ನೆ: “ಇದ್ರಲ್ಲಿ ಯಾವ್ದು ಹೆಚ್ಚು ಮಳ್ಗಾಲ ತಡೀತದೆ ಮಾಸ್ತ್ರೇ?” ಅಗ್ಗದ ಕಂಪ್ಯೂಟರಿನ ಇಡೀ ಚರಿತ್ರೆಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಮಾನದಂಡ ನನಗೆ ಸಿಕ್ಕಿಲ್ಲ. ಬೆಲೆ ಇಳಿಸಿದವರೆಲ್ಲ ಏನನ್ನೋ ಕಳೆದೇ ಇಳಿಸಿದ್ದಾರೆ. ಏನನ್ನು ಕಳೆದರು ಎಂಬುದರ ಮೇಲೆ ಯಂತ್ರದ ಆಯುಸ್ಸು ನಿಂತಿದೆ.

ಹೊತ್ತುಕೊಂಡು ಹೋಗಬಹುದಾದ ಕಂಪ್ಯೂಟರ್ ಮಾರುಕಟ್ಟೆಯಲ್ಲಿ ನೆಲೆಯೂರಿದ್ದು 1981ರ ಆಸ್ಬರ್ನ್ 1ರಿಂದ. ತೂಕ ಸುಮಾರು 11 ಕಿಲೋ, ಪರದೆ 5 ಇಂಚು, ಬೆಲೆ 1,795 ಡಾಲರ್. ನಮ್ಮ ಕರಾವಳಿಗೆ ಕಂಪ್ಯೂಟರ್ ಬಂದದ್ದು ಆ ದಾರಿಯಲ್ಲಲ್ಲ. ಅದು ಬಂದದ್ದು ಡಿಟಿಪಿ ಅಂಗಡಿಗಳ ಒಳಕೋಣೆಗೆ, ಮದುವೆಯ ಕರೆಯೋಲೆ ಮತ್ತು ಯಕ್ಷಗಾನದ ಕರಪತ್ರ ಅಚ್ಚು ಹಾಕಲು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು, ಪಕ್ಕದಲ್ಲಿ ಯುಪಿಎಸ್ ಕೂಗುತ್ತಿತ್ತು. ಮಂಗಳೂರಿನ ಸಮೀಪದ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿ ವಾಸು ಹೊರತಂದ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವುಗಳಿಂದ ಆ ಪೆಟ್ಟಿಗೆ ಕನ್ನಡ ಕಲಿಯಿತು. ಆದರೆ ಅದು ಮನೆಗೆ ಬರುವ ವಸ್ತುವಾಗಿರಲಿಲ್ಲ.

ಮನೆಯ ಬಾಗಿಲಿಗೆ, ಅದರಲ್ಲೂ ಬಡವರ ಬಾಗಿಲಿಗೆ ಅದನ್ನು ತರಬೇಕೆಂದು ಮೊದಮೊದಲು ಹಂಬಲಿಸಿದವರಲ್ಲಿ ನಮ್ಮ ರಾಜ್ಯದವರೂ ಇದ್ದರು ಎಂಬುದನ್ನು ಹೊಸ ತಲೆಮಾರು ಮರೆತಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಬೆಂಗಳೂರಿನ ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಸೇರಿ ಕಟ್ಟಿದ ‘ಸಿಂಪ್ಯೂಟರ್’ 2001ರಲ್ಲಿ ಜನರ ಮುಂದೆ ಬಂತು. ಅಂಗೈಯಗಲದ ಯಂತ್ರ, ಒಳಗೆ ಲಿನಕ್ಸ್, ಪರದೆಯ ಮೇಲೆ ಕಡ್ಡಿಯಿಂದ ಬರವಣಿಗೆ. ಓದಲು ಬಾರದವರಿಗೆ ಅದು ಪಠ್ಯವನ್ನು ಕನ್ನಡದಲ್ಲೇ ಓದಿ ಹೇಳುತ್ತಿತ್ತು. ನನಗೆ ಇಂದಿಗೂ ಬೆಲೆಬಾಳುವುದೆಂದು ಕಾಣುವುದು ಅದರ ಸ್ಮಾರ್ಟ್ ಕಾರ್ಡು. ಒಂದು ಯಂತ್ರವನ್ನು ಇಡೀ ಊರು ಹಂಚಿಕೊಂಡು, ಪ್ರತಿಯೊಬ್ಬರೂ ತಂತಮ್ಮ ಮಾಹಿತಿಯನ್ನು ತಮ್ಮ ಕಾರ್ಡಿನಲ್ಲಿ ಇಟ್ಟುಕೊಳ್ಳಬಹುದಿತ್ತು. ಬೆಲೆಯನ್ನು ಇಳಿಸಲಾಗದಿದ್ದರೆ ಹತ್ತು ಮನೆಗೆ ಹಂಚೋಣ ಎಂಬ ಲೆಕ್ಕ ಅದು, ಊರಿನ ಭತ್ತದ ಗಿರಣಿಯ ಹಾಗೆ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡಾ’ ಸಿಂಪ್ಯೂಟರ್ ಹತ್ತು ಸಾವಿರ ರೂಪಾಯಿಯ ಆಸುಪಾಸಿನಿಂದ ಮಾರಾಟಕ್ಕೆ ಬಂತು. ಮಾರಾಟವಾದದ್ದು ಕೆಲವೇ ಸಾವಿರ. ಅಷ್ಟರಲ್ಲಿ ಮೊಬೈಲ್ ಫೋನು ಅಗ್ಗವಾಗುತ್ತಿತ್ತು, ಹಂಚಿಕೊಳ್ಳುವ ಯಂತ್ರ ಯಾರಿಗೂ ಬೇಡವಾಯಿತು. ಸೋತ ವಸ್ತುವೆಂದು ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹಳ್ಳಿಯವನ ಭಾಷೆ ಮತ್ತು ಹಳ್ಳಿಯವನ ಕರೆಂಟು ಇವೆರಡನ್ನೂ ಮೊದಲೇ ಎಣಿಸಿ ವಿನ್ಯಾಸ ಮಾಡಿದ ಕಂಪ್ಯೂಟರುಗಳು ಆಮೇಲೆ ಬಹಳ ಬಂದಿಲ್ಲ.

2005ರಲ್ಲಿ ಎರಡು ಸಂಗತಿಗಳು ನಡೆದವು. ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದದಂತೆ ಭಾರತ ಕಂಪ್ಯೂಟರುಗಳ ಮೇಲಿನ ಆಮದು ಸುಂಕವನ್ನು ಸೊನ್ನೆಗೆ ಇಳಿಸಿತು. ವಿದೇಶಿ ಲ್ಯಾಪ್‌ಟಾಪುಗಳ ಬೆಲೆ ಜಗ್ಗಿತು, ದೇಶಿ ತಯಾರಕರ ಕಾಲಕೆಳಗಿನ ನೆಲವೂ ಜಗ್ಗಿತು. ಬೆಂಗಳೂರಿನ ವಿಪ್ರೋ 2013ರಲ್ಲಿ ತನ್ನ ಹೆಸರಿನ ಪಿಸಿ ತಯಾರಿಕೆಯನ್ನೇ ನಿಲ್ಲಿಸಿತು. ಅದೇ 2005ರಲ್ಲಿ ನಿಕೋಲಸ್ ನೆಗ್ರೊಪಾಂಟೆ 100 ಡಾಲರಿನ ಲ್ಯಾಪ್‌ಟಾಪನ್ನು ಜಗತ್ತಿನ ಮಕ್ಕಳಿಗೆಲ್ಲ ಕೊಡುತ್ತೇನೆಂದು ಸಾರಿದರು. ಅದು 2007ರಲ್ಲಿ ಕೈಗೆ ಬರುವಾಗ 200 ಡಾಲರಿನ ಹತ್ತಿರ ಹೋಗಿತ್ತು. ಆದರೂ ಸಣ್ಣ ಯಂತ್ರಕ್ಕೆ ಗಿರಾಕಿ ಇದ್ದಾನೆಂದು ಕಂಪನಿಗಳಿಗೆ ಗೊತ್ತಾಯಿತು. ಆ ವರ್ಷವೇ ಆಸುಸ್ 7 ಇಂಚಿನ ಇ-ಪಿಸಿ ತಂದಿತು, ಮರುವರ್ಷ ಇಂಟೆಲ್ ಆಟಮ್ ಪ್ರೊಸೆಸರ್ ಬಂತು, ‘ನೆಟ್‌ಬುಕ್’ ಎಂಬ ಹೆಸರು ಅಂಗಡಿಗಳಲ್ಲಿ ಓಡಾಡಿತು.

ನೆಟ್‌ಬುಕ್ಕಿನಲ್ಲಿ ಕಳೆದದ್ದು ಪರದೆ, ಕೀಲಿಮಣೆ, ವೇಗ ಮತ್ತು ಸೀಡಿ ಡ್ರೈವ್. ಕಡೆಯದು ಕನ್ನಡಿಗರಿಗೆ ಬೇರೆ ರೀತಿಯಲ್ಲಿ ತಟ್ಟಿತು. ಅವುಗಳಲ್ಲಿ ಬಹುಪಾಲು ವಿಂಡೋಸ್ ಎಕ್ಸ್‌ಪಿ ಇತ್ತು. ಎಕ್ಸ್‌ಪಿಯಲ್ಲಿ ಕನ್ನಡದ ಯುನಿಕೋಡ್ ಅಕ್ಷರ, ‘ತುಂಗಾ’ ಫಾಂಟು ಎರಡೂ ಇದ್ದರೂ, ಒತ್ತಕ್ಷರ ಸರಿಯಾಗಿ ಕೂಡಿಕೊಳ್ಳಲು ಸೆಟ್ಟಿಂಗ್‌ನಲ್ಲಿ ಒಂದು ಚೌಕಕ್ಕೆ ಗುರುತು ಹಾಕಬೇಕಿತ್ತು. ಹಾಕಿದರೆ ಅನೇಕ ಸಲ ಅದು ವಿಂಡೋಸಿನ ಸೀಡಿ ಕೇಳುತ್ತಿತ್ತು. ಸೀಡಿ ಹಾಕುವ ಜಾಗವೇ ಇಲ್ಲದ ಯಂತ್ರದಲ್ಲಿ ಕನ್ನಡ ಒಡೆದ ಅಕ್ಷರಗಳ ಸಾಲಾಗಿ ನಿಲ್ಲುತ್ತಿತ್ತು. ಅಗ್ಗವೆಂದು ಕೊಂಡವನಿಗೆ ತನ್ನ ಭಾಷೆಯೇ ಕಳೆದ ಪಟ್ಟಿಯಲ್ಲಿದೆ ಎಂದು ಯಾರೂ ಹೇಳಿರಲಿಲ್ಲ. ಇಂದು ಆ ತೊಡಕಿಲ್ಲ. 2019ರ ನಂತರದ ವಿಂಡೋಸಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಕೀಲಿಮಣೆಯೂ ಜೊತೆಗೇ ಬರುತ್ತದೆ.

2011ರ ಅಕ್ಟೋಬರ್ 5ರಂದು ಕೇಂದ್ರ ಸರಕಾರ ಬಿಡುಗಡೆ ಮಾಡಿದ ‘ಆಕಾಶ್’ ಟ್ಯಾಬ್ಲೆಟ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 366 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ಮೆಮೊರಿ, ಬೆರಳಿನಿಂದ ಒತ್ತಿ ಹಿಡಿದರೆ ಮಾತ್ರ ಕೇಳುವ ಪರದೆ. ಒಂದು ಮಳೆಗಾಲವನ್ನೂ ನೆನೆಯದೆ ಮಾಡಿದ ವಸ್ತು ಎಂದು ಆಗಲೇ ಅನಿಸಿತ್ತು.

ಈ ಹೊತ್ತಿಗೆಲ್ಲ ಭಟ್ಕಳ ಸೀಮೆಯಲ್ಲಿ ಲ್ಯಾಪ್‌ಟಾಪ್ ಬೇರೆ ದಾರಿಯಲ್ಲಿ ಬರುತ್ತಲೇ ಇತ್ತು. ಯಾವ ಯೋಜನೆಯೂ ಜಾಹೀರಾತೂ ಇಲ್ಲದೆ ಇಲ್ಲಿಯ ಎಷ್ಟೋ ಮನೆಗಳಿಗೆ ಮೊದಲ ಲ್ಯಾಪ್‌ಟಾಪ್ ಇಳಿದದ್ದು ದುಬೈಯಿಂದ ರಜೆಗೆ ಬಂದವರ ಕೈಚೀಲದಿಂದ. 18 ತುಂಬಿದ ಪ್ರಯಾಣಿಕ ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದೆಂಬ ನಿಯಮ ಗಲ್ಫಿನ ಕುಟುಂಬಗಳಿಗೆ ಬಾಯಿಪಾಠ. ಆ ಯಂತ್ರಗಳನ್ನು ದೂರದಿಂದಲೇ ಗುರುತು ಹಿಡಿಯಬಹುದಿತ್ತು. ಕೀಲಿಗಳ ಮೇಲೆ ಇಂಗ್ಲಿಷಿನ ಜೊತೆ ಅರಬ್ಬಿ ಅಕ್ಷರ, ಚಾರ್ಜರಿನ ತುದಿಯಲ್ಲಿ ನಮ್ಮ ಗೋಡೆಯ ತೂತಿಗೆ ಹೊಂದದ ಮೂರು ಚಪ್ಪಟೆ ಕಡ್ಡಿ. ಅಡಾಪ್ಟರ್ ಹಾಕಿಕೊಂಡೇ ವರ್ಷಗಟ್ಟಲೆ ನಡೆಯಿತು. ಬೆಲೆಯ ಲಾಭ ನಿಜ, ಆದರೆ ಕೆಟ್ಟಾಗ ಕೆಲವು ಕಂಪನಿಗಳ ವಾರಂಟಿ ಕೊಂಡ ದೇಶಕ್ಕೆ ಮಾತ್ರ ಎಂದು ತಿಳಿಯುತ್ತಿತ್ತು. ಈಗಲೂ ಅಣ್ಣನೋ ಮಾವನೋ ತರುತ್ತೇನೆಂದರೆ ನಾನು ಕೇಳಿಕೊಳ್ಳಲು ಹೇಳುವುದು ಅದೊಂದನ್ನೇ: ಭಾರತದಲ್ಲೂ ನಡೆಯುವ ವಾರಂಟಿ ಬರವಣಿಗೆಯಲ್ಲಿದೆಯೇ?

2020ರಲ್ಲಿ ಶಾಲೆ ಮುಚ್ಚಿದಾಗ ಎಲ್ಲರ ಲೆಕ್ಕವೂ ಬುಡಮೇಲಾಯಿತು. ಜಿಲ್ಲೆಯ ಘಟ್ಟದ ಅಂಚಿನ ಮಕ್ಕಳು ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದರು. ರಾಜ್ಯ ಸರಕಾರ ಪಾಠವನ್ನು ಓಣಿಗೇ ಒಯ್ಯುವ ‘ವಿದ್ಯಾಗಮ’ ಹೂಡಿತು, 2021ರ ಜೂನ್‌ನಲ್ಲಿ ಸರಕಾರಿ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಮಿಕ್ಕಿದ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಿತು. ಮಧ್ಯಮ ವರ್ಗದ ಮನೆಯಲ್ಲಿ ಇಬ್ಬರು ಮಕ್ಕಳಿಗೆ ಒಂದು ಫೋನು ಸಾಲದೆ, ಲ್ಯಾಪ್‌ಟಾಪ್ ದಿನಸಿಯ ಪಟ್ಟಿಗೆ ಸೇರಿತು.

ಆಮೇಲಿನ ಕೆಲವು ವರ್ಷಗಳ ಮಾರುಕಟ್ಟೆಯನ್ನು ಸಾವಧಾನವಾಗಿ ನೋಡಬೇಕು. ಇಂದಿನ ಮೋಸಗಳೂ ಅನುಕೂಲಗಳೂ ಅಲ್ಲಿಯವೇ.

ಅನುಕೂಲದಿಂದಲೇ ಶುರುಮಾಡುತ್ತೇನೆ. ಹತ್ತು ವರ್ಷದ ಹಿಂದೆ ಕಡಿಮೆ ಬೆಲೆಯ ಲ್ಯಾಪ್‌ಟಾಪ್ ಎಂದರೆ ತಿರುಗುವ ಹಾರ್ಡ್ ಡಿಸ್ಕ್. ವಿಂಡೋಸ್ 10 ತೆರೆದುಕೊಳ್ಳುವಷ್ಟರಲ್ಲಿ ಚಾ ಕಾಯಿಸಿ ಕುಡಿಯಬಹುದಿತ್ತು. ಈಗ ಎಸ್‌ಎಸ್‌ಡಿ ಸಾಮಾನ್ಯವಾಗಿದೆ. ತಿರುಗುವ ಭಾಗವಿಲ್ಲದ್ದರಿಂದ ಬಸ್ಸಿನ ಕುಲುಕಾಟಕ್ಕೂ ಅದು ಅಂಜುವುದಿಲ್ಲ. 2017ರಲ್ಲಿ ಎಎಂಡಿಯ ರೈಜೆನ್ ಬಂದ ಮೇಲೆ ಇಂಟೆಲ್‌ಗೆ ಪೈಪೋಟಿ ಹುಟ್ಟಿ, ಅಗ್ಗದ ಯಂತ್ರಕ್ಕೂ ನಾಲ್ಕು, ಆರು ಕೋರುಗಳು ಬಂದವು.

ಮೋಸ ಇರುವುದು ಹೆಸರಿನಲ್ಲಿ. ರೈಜೆನ್ 5 7520ಯು ಮತ್ತು ರೈಜೆನ್ 5 7530ಯು, ಅಂಗಡಿಯ ಚೀಟಿಯಲ್ಲಿ ಒಂದೇ ಅಂಕಿಯ ವ್ಯತ್ಯಾಸ. ಮೊದಲನೆಯದರಲ್ಲಿ ನಾಲ್ಕು ಕೋರು, 2019ರ ಝೆನ್ 2 ವಿನ್ಯಾಸ, ಮೆಮೊರಿ ಬೋರ್ಡಿಗೇ ಬೆಸೆದದ್ದು. ಎರಡನೆಯದರಲ್ಲಿ ಆರು ಕೋರು, ಝೆನ್ 3. ಆ ಸಾಲಿನಲ್ಲಿ ಮೂರನೆಯ ಅಂಕಿಯೇ ವಿನ್ಯಾಸದ ತಲೆಮಾರು ಹೇಳುತ್ತದೆ, ಮೊದಲನೆಯ 7 ಹೇಳುವುದಿಲ್ಲ. ಇಂಟೆಲ್ ಕೂಡ 2023ರಲ್ಲಿ ಸೆಲೆರಾನ್, ಪೆಂಟಿಯಮ್ ಹೆಸರು ಬಿಟ್ಟು ಎನ್100 ಮೊದಲಾದವನ್ನು ಬರೀ ‘ಇಂಟೆಲ್ ಪ್ರೊಸೆಸರ್’ ಎಂದು ಕರೆಯಿತು. ಬರವಣಿಗೆ, ಪಾಠ, ಬ್ಯಾಂಕು, ಇಷ್ಟಕ್ಕೆ ಎನ್100 ಸಾಕು. ಆಟೋಕ್ಯಾಡ್ ಬಿಡಿಸುವ ಪಾಲಿಟೆಕ್ನಿಕ್ ಹುಡುಗನಿಗೆ ಆರು ಕೋರಿನ ಐ3-1215ಯು ತರದ್ದೇ ಬೇಕು. 2023ರಲ್ಲಿ 16,499 ರೂಪಾಯಿಗೆ ಬಂದ ಜಿಯೋಬುಕ್‌ನಂಥದ್ದು ವೀಡಿಯೋ ಪಾಠಕ್ಕೆ ಆದೀತು. ಆದರೆ ಅದರಲ್ಲಿ ಇರುವುದು ಆಂಡ್ರಾಯ್ಡ್ ಆಧಾರದ ವ್ಯವಸ್ಥೆ, ಬಿಕಾಂ ಹುಡುಗಿ ಕಲಿಯಬೇಕಾದ ಟ್ಯಾಲಿ ಅದರಲ್ಲಿ ಹಾಕಲಾಗುವುದಿಲ್ಲ. ಜೊತೆಗೆ ಅಲ್ಲಿರುವುದು 64 ಜಿಬಿಯ ಇಎಂಎಂಸಿ, ಎಸ್‌ಎಸ್‌ಡಿ ಅಲ್ಲ. ಚೀಟಿಯಲ್ಲಿ ಇಎಂಎಂಸಿ ಎಂಬ ಪದ ಕಂಡರೆ ನಾನು ಮುಂದಿನ ಚೀಟಿಗೆ ಹೋಗುತ್ತೇನೆ.

ಮೆಮೊರಿಯ ವಿಷಯದಲ್ಲಿ ನನ್ನ ಹಟ ಬಲವಾದದ್ದು. ವಿಂಡೋಸ್ 11 ನಡೆಯಲು 4 ಜಿಬಿ ಸಾಕೆಂದು ಕಂಪನಿಯ ಕಾಗದ ಹೇಳುತ್ತದೆ, ಆದರೆ ಬ್ರೌಸರಿನಲ್ಲಿ ಐದಾರು ಪುಟ ತೆರೆದ ಕೂಡಲೇ ಅದು ಏದುಸಿರು ಬಿಡುತ್ತದೆ. 8 ಜಿಬಿ ಇರಲೇಬೇಕು, ಜೊತೆಗೆ ಖಾಲಿ ಸ್ಲಾಟ್ ಇರಬೇಕು. 2025ರ ಕೊನೆಯಿಂದ ಕೃತಕ ಬುದ್ಧಿಮತ್ತೆಯ ಡೇಟಾ ಕೇಂದ್ರಗಳ ಹಸಿವಿನಿಂದ ಮೆಮೊರಿ ಚಿಪ್ಪುಗಳ ಬೆಲೆ ಏರಿರುವಾಗ ಆ ಖಾಲಿ ಸ್ಲಾಟಿಗೆ ಇನ್ನೂ ಹೆಚ್ಚಿನ ಬೆಲೆ ಬಂದಿದೆ: ಈಗ ಕೈಗೆಟುಕದ್ದನ್ನು ಎರಡು ವರ್ಷ ಬಿಟ್ಟು ಸೇರಿಸಬಹುದು. ಬೆಸೆದ ಮೆಮೊರಿಯ ಯಂತ್ರ ಕೊಂಡ ದಿನವೇ ತನ್ನ ಆಯುಸ್ಸನ್ನು ಬರೆದುಕೊಂಡು ಬರುತ್ತದೆ.

ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪುಗಳನ್ನು ಸರಿಪಡಿಸಿ ಮಾರುವ ವ್ಯಾಪಾರ ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಹಿಡಿದು ಸಣ್ಣ ಊರುಗಳವರೆಗೆ ಹಬ್ಬಿದೆ. ಗಟ್ಟಿ ಮೈಯ, ಬಿಚ್ಚಿ ಜೋಡಿಸಬಹುದಾದ ಯಂತ್ರಗಳು ಅಲ್ಲಿ ಸಿಗುತ್ತವೆ. ಒಂದೇ ಎಚ್ಚರ: ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲಿನ ಎಂಟನೆಯ ತಲೆಮಾರಿಗಿಂತ ಹಳೆಯದನ್ನು ವಿಂಡೋಸ್ 11 ಒಪ್ಪುವುದಿಲ್ಲ. ಲಿನಕ್ಸ್ ಹಾಕಿಕೊಳ್ಳುವ ಮನಸ್ಸಿದ್ದವರಿಗೆ ಮಾತ್ರ ಅಂಥವು.

ಇನ್ನು ಯಾವ ಜಾಹೀರಾತೂ ಹೇಳದ ಸಂಗತಿ, ನಮ್ಮ ಗಾಳಿ. ಫ್ಯಾನು ಒಳಗೆಳೆಯುವುದು ಉಪ್ಪು ಮತ್ತು ತೇವ ಬೆರೆತ ಗಾಳಿಯನ್ನು. ನನ್ನ ಹಳೆಯ ಲ್ಯಾಪ್‌ಟಾಪನ್ನು ಬಿಚ್ಚಿದಾಗ ತಾಮ್ರದ ಭಾಗಗಳಲ್ಲಿ ಹಸಿರು ಕಿಲುಬು, ಪರದೆಯ ಕೀಲಿನ ತಿರುಪಿಗೆ ತುಕ್ಕು. ಸ್ಟಿಕ್ಕರ್ ಸುತ್ತ ಬಿಳಿ ಬೂಷ್ಟು. ಆಟಿಯ ತಿಂಗಳಲ್ಲಿ ಅದನ್ನು ಕಪಾಟಿನೊಳಗೆ ಜೋಪಾನ ಮಾಡಿದ್ದೇ ತಪ್ಪಾಗಿತ್ತು. ದಿನಕ್ಕೊಂದು ಗಂಟೆ ಹಚ್ಚಿದರೆ ಒಳಗಿನ ಬಿಸಿಯೇ ತೇವವನ್ನು ಓಡಿಸುತ್ತದೆ. ಗುಡುಗು ಕೇಳಿದೊಡನೆ ಚಾರ್ಜರ್ ಕೀಳುವುದು, ಮನೆಯ ಅರ್ಥಿಂಗ್ ಸರಿಯಿದೆಯೇ ನೋಡುವುದು ಪ್ರೊಸೆಸರಿನಷ್ಟೇ ಮುಖ್ಯ. 2022ರ ಆಗಸ್ಟ್ ಆರಂಭದಲ್ಲಿ ಭಟ್ಕಳದಲ್ಲಿ ಒಂದೇ ದಿನ 500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದು ಮನೆಗಳಿಗೆ ನೀರು ನುಗ್ಗಿತು. ನೆಲದ ಮೇಲಿಟ್ಟ ಯಾವ ಯಂತ್ರವೂ ಅಂಥ ದಿನ ಉಳಿಯುವುದಿಲ್ಲ. ಮಕ್ಕಳ ಪ್ರಾಜೆಕ್ಟಿನ ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲಿ ಇರಲಿ ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತಿದ್ದೇನೆ.

ರಿಪೇರಿಯ ದೂರವನ್ನೂ ಬೆಲೆಗೆ ಸೇರಿಸಬೇಕು. ಮಂಗಳೂರು ಇಲ್ಲಿಂದ ಸುಮಾರು 150 ಕಿಲೋಮೀಟರ್. ಮನೆಗೇ ಬಂದು ಸರಿಪಡಿಸುತ್ತೇವೆ ಎಂಬ ವಾರಂಟಿ ನಮ್ಮ ಪಿನ್‌ಕೋಡಿಗೆ ಅನ್ವಯಿಸುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಬೇಕು. ಅಂತರ್ಜಾಲದಲ್ಲಿ ಎರಡು ಸಾವಿರ ಕಡಿಮೆಗೆ ಸಿಕ್ಕರೂ, ಭಟ್ಕಳದ ಅಂಗಡಿಯಲ್ಲಿ ಬಿಚ್ಚಿ ನೋಡಿ ಕೀಲಿ, ಬ್ಯಾಟರಿ ಬದಲಿಸಿಕೊಡುವವನು ಇದ್ದರೆ ಆ ಎರಡು ಸಾವಿರ ನಷ್ಟವಲ್ಲ.

ಆ ತಂದೆ ತಂದ ಮೂರು ಚೀಟಿಗಳಲ್ಲಿ ಒಂದರಲ್ಲಿ ಇಎಂಎಂಸಿ ಇತ್ತು, ಇನ್ನೊಂದರಲ್ಲಿ ಬೆಸೆದ ಮೆಮೊರಿ. ಮೂರನೆಯದರ ಬಣ್ಣ ಮಗಳಿಗೆ ಹಿಡಿಸಿರಲಿಲ್ಲ, ತೂಕವೂ ತುಸು ಹೆಚ್ಚು. ಮೂವರೂ ಅಂಗಡಿಗೆ ಹೋದೆವು. ಅವಳು ಯಂತ್ರವನ್ನು ಬೋರಲು ಹಾಕಿ ತಳದ ತಿರುಪುಗಳನ್ನು ಎಣಿಸಿದಳು, ಹತ್ತಿದ್ದವು. “ಇದನ್ನು ನಾನೇ ಬಿಚ್ಚಬಹುದಾ?” ಎಂದು ಅಂಗಡಿಯವರನ್ನು ಕೇಳಿದಳು. ಅವರು ಗಲ್ಲಾಪೆಟ್ಟಿಗೆಯಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು, ಸ್ಲಾಟ್ ಎಲ್ಲಿದೆ ಎಂದು ತೋರಿಸಿದರು. ತಂದೆ ಬಿಲ್ಲನ್ನು ಮಡಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಅದರ ಬಾಯಿಗೆ ರಬ್ಬರ್ ಸುತ್ತಿದರು. ಹೊರಗೆ ಮೋಡ ಕಟ್ಟಿತ್ತು.