ಕಾಗದದ ಮೇಲಿನ ಯಂತ್ರ

ಯಾರೂ ಕಟ್ಟದ ಯಂತ್ರಕ್ಕೆ ಚರಿತ್ರೆ ಇರುವುದುಂಟೆ? ಉಂಟು ಎಂದು ನನಗೆ ತಿಳಿದದ್ದು ಈಚೆಗೆ, ಗಣಕಶಾಸ್ತ್ರದ ಅಧ್ಯಾಪಕ ಮಿತ್ರರೊಬ್ಬರು ಓದಲು ಕೊಟ್ಟ ದಪ್ಪ ಪುಸ್ತಕವೊಂದರಿಂದ. ಅಮೆರಿಕದ ಡೊನಾಲ್ಡ್ ಕನೂತ್ ಬರೆದ ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಎಂಬ ಆ ಗ್ರಂಥದ ಮೊದಲ ಸಂಪುಟ ಹೊರಬಂದದ್ದು ೧೯೬೮ರಲ್ಲಿ.

ಅಂದು ಒಂದೊಂದು ಬಗೆಯ ಗಣಕಕ್ಕೂ ಅದರದೇ ಭಾಷೆ. ಯಾವುದಾದರೊಂದನ್ನು ನಂಬಿ ಪುಸ್ತಕ ಬರೆದರೆ, ಆ ಯಂತ್ರ ಮೂಲೆ ಸೇರಿದ ದಿನ ಪುಸ್ತಕವೂ ಮೂಲೆ ಸೇರಬೇಕು. ಫೋರ್ಟ್ರಾನಿನಂಥ ಮೇಲುಮಟ್ಟದ ಭಾಷೆಯಲ್ಲಿ ಬರೆದರೆ ಯಂತ್ರದ ಒಳಗೆ ನಡೆಯುವುದು ಓದುಗನಿಗೆ ಕಾಣದು. ಕನೂತ್ ಮೂರನೆಯ ದಾರಿ ಹಿಡಿದರು. ಯಂತ್ರವೊಂದನ್ನು ತಾವೇ ಕಾಗದದ ಮೇಲೆ ಕಲ್ಪಿಸಿದರು. ಆಗಿನ ೧೬ ಗಣಕಗಳ ಹೆಸರಿನಲ್ಲಿದ್ದ ಅಂಕಿಗಳ ಸರಾಸರಿ ತೆಗೆದಾಗ ೧೦೦೯ ಬಂತಂತೆ. ರೋಮನ್ ಅಂಕಿಯಲ್ಲಿ ಅದನ್ನು ಬರೆದರೆ ‘ಮಿಕ್ಸ್’ ಎಂದು ಓದಬಹುದು. ಅದೇ ಹೆಸರಾಯಿತು.

ಮಿಕ್ಸ್‌ಗೆ ನೆನಪಿನ ಮನೆಗಳು ೪೦೦೦. ಒಂದೊಂದರಲ್ಲಿ ಒಂದು ಚಿಹ್ನೆ, ಐದು ಬೈಟು. ‘ಎಲ್‌ಡಿಎ ೨೦೦೦’ ಎಂದರೆ, ೨೦೦೦ನೆಯ ಮನೆಯಲ್ಲಿರುವುದನ್ನು ‘ಎ’ ಎಂಬ ರಿಜಿಸ್ಟರಿಗೆ ತಾ ಎಂದು ಆಜ್ಞೆ. ಈ ಅಸೆಂಬ್ಲಿ ಭಾಷೆಗೆ ಮಿಕ್ಸಾಲ್ ಎಂದು ಹೆಸರು.

ಇಲ್ಲದ ಯಂತ್ರಕ್ಕೆ ಕೊಟ್ಟ ಆಜ್ಞೆಯನ್ನು ನಡೆಸುವವರು ಯಾರು? ಇರುವ ಯಂತ್ರವೇ ನಡೆಸಬೇಕು. ಅದರೊಳಗೆ ದುಭಾಷಿಯಂಥ ಒಂದು ಪ್ರೋಗ್ರಾಮನ್ನು ಕೂರಿಸಬೇಕು. ದುಭಾಷಿ ಒಂದು ಮನೆಯ ಅಂಕಿಯನ್ನು ಎತ್ತಿಕೊಂಡು ಬೈಟುಗಳನ್ನು ಬಿಡಿಸುತ್ತದೆ. ಮಾಡಬೇಕಾದ ಕೆಲಸವೇನೆಂದು ಕೊನೆಯ ಬೈಟು ಹೇಳುತ್ತದೆ. ಅಲ್ಲಿ ೮ ಇದ್ದರೆ ‘ಎಲ್‌ಡಿಎ’. ವಿಳಾಸ ಮೊದಲೆರಡು ಬೈಟುಗಳಲ್ಲಿದೆ. ಕೋಷ್ಟಕ ನೋಡಿ ಆ ಕೆಲಸ ಮುಗಿಸಿ, ಅದಕ್ಕೆ ಹಿಡಿಯುವ ಎರಡು ಮಾನ ಕಾಲವನ್ನು ಲೆಕ್ಕಕ್ಕೆ ಸೇರಿಸಿ, ದುಭಾಷಿ ಮುಂದಿನ ಮನೆಗೆ ನಡೆಯುತ್ತದೆ. ತರಗತಿಯಲ್ಲಿ ಹಳಗನ್ನಡ ಪದ್ಯದ ಪದ ಬಿಡಿಸಿ, ಅನ್ವಯ ಮಾಡಿ, ಅರ್ಥ ಹೇಳಿ ಮುಂದಿನ ಪದ್ಯಕ್ಕೆ ಹೋಗುವ ನನಗೆ ಈ ಕ್ರಮ ಅಪರಿಚಿತವೆನಿಸಲಿಲ್ಲ.

ಒಂದು ಯಂತ್ರದ ನಿಯಮಗಳನ್ನು ಬರೆದುಕೊಟ್ಟರೆ ಇನ್ನೊಂದು ಯಂತ್ರ ಅದರಂತೆಯೇ ನಡೆಯಬಲ್ಲುದೆಂಬ ತತ್ತ್ವವನ್ನು ಇಂಗ್ಲೆಂಡಿನ ಅಲನ್ ಟ್ಯೂರಿಂಗ್ ೧೯೩೬ರಲ್ಲಿಯೇ ತೋರಿಸಿದ್ದರು. ಕನೂತ್ ತಮ್ಮ ಗ್ರಂಥದಲ್ಲಿ ಮಿಕ್ಸ್‌ನ ದುಭಾಷಿಯನ್ನು ಮಿಕ್ಸ್‌ನ ಭಾಷೆಯಲ್ಲೇ ಬರೆದರು. ಕಲ್ಪಿತ ಯಂತ್ರ ತನ್ನನ್ನು ತಾನೇ ಕಲ್ಪಿಸಿಕೊಂಡು ಓಡುವ ಆ ಪುಟಗಳನ್ನು ನಾನು ಎರಡೆರಡು ಸಲ ಓದಿದೆ.

ಆ ೧೬ ಗಣಕಗಳ ಕಾಲ ಎಂದೋ ಮುಗಿಯಿತು. ಮಿಕ್ಸ್ ಮಾತ್ರ, ಹೊಸ ಗಣಕಗಳಿಗೆ ಹೊಸ ದುಭಾಷಿ ಬರೆದವರ ದೆಸೆಯಿಂದ, ಇಂದಿಗೂ ಓಡುತ್ತದೆ. ಹಾಗೆಂದು ಅದಕ್ಕೂ ಮುಪ್ಪು ತಪ್ಪಲಿಲ್ಲ. ಅದರ ಬೈಟಿಗೆ ೬೪ ಬೆಲೆಗಳಾದರೂ ಸರಿ, ೧೦೦ ಆದರೂ ಸರಿ. ಮುಂದೆ ಬಂದ ಯಂತ್ರಗಳಿಗೆ ಆ ಔದಾರ್ಯ ಹೊಂದಲಿಲ್ಲ. ೧೯೯೯ರಲ್ಲಿ ಕನೂತ್ ತಾವೇ ‘ಎಂಮಿಕ್ಸ್’ ಎಂಬ ಉತ್ತರಾಧಿಕಾರಿಯನ್ನು ಪ್ರಕಟಿಸಿದರು. ಇದಕ್ಕೆ ೨೫೬ ರಿಜಿಸ್ಟರುಗಳು. ರೋಮನ್ ಲೆಕ್ಕದಲ್ಲಿ ಇದರ ಹೆಸರು ೨೦೦೯.

ಇಷ್ಟೆಲ್ಲ ಓದಿ ಪುಸ್ತಕದ ಅರ್ಪಣೆಯ ಪುಟಕ್ಕೆ ಮರಳಿದೆ. ಕಲ್ಪಿತ ಯಂತ್ರವನ್ನು ಕಟ್ಟಿದ ಈ ಮನುಷ್ಯ ತಮ್ಮ ಗ್ರಂಥಮಾಲೆಯನ್ನು ಅರ್ಪಿಸಿರುವುದು, ವಿದ್ಯಾರ್ಥಿಯಾಗಿದ್ದಾಗ ಕೇಸ್ ವಿದ್ಯಾಸಂಸ್ಥೆಯಲ್ಲಿ ತಾವು ಸಂಜೆಗಳನ್ನು ಕಳೆದ ‘ಐಬಿಎಂ ೬೫೦’ ಎಂಬ ಕಬ್ಬಿಣದ ಗಣಕಕ್ಕೆ. ಆ ಗಣಕ ಈಗ ಅಲ್ಲಿಲ್ಲ. ಅದರಿಂದ ಕಲಿತದ್ದು ಕಾಗದದ ಮೇಲೆ ಉಳಿದಿದೆ.