ಮಾವನೋರ ಕೇಪಿನ ಕೋವಿ, ಅತ್ತೆಮ್ಮನ ಅಳತೆ

ಹೋದ್ಸಲ ರಾಗಿ ಕಣದ ವಿಚಾರ ಬರ್ದಿದ್ದೆ. ಅದನ್ನ ಓದಿ ನಮ್ ಚಿಕ್ಕವ್ವನ ಮಗ್ಳು ಫೋನ್ ಮಾಡಿ, "ಅಕ್ಕ, ಕಣದ್ ಕತೆ ಎಲ್ಲಾ ಬರ್ದೆ, ಹಂದಿ ಕಾಯ್ತಿದ್ದ ಕೋವಿ ವಿಚಾರ ಬಿಟ್ಟೇಬಿಟ್ಯಲ್ಲ" ಅಂದ್ಳು. ಕೋವಿ ಅಂದ್ರೆ ಗಂಡಸರ ಮಾತು ಅಂತ ನಾವು ಸುಮ್ನಾಗ್ತೀವಿ. ಆದ್ರೆ ನಮ್ ರಾವಂದೂರು, ಪಿರಿಯಾಪಟ್ಟಣ, ಹುಣಸೂರು ಕಡೆ ಕೋವಿ ಇದ್ದ ಹಟ್ಟಿಗಳಲ್ಲಿ ಅದರ ಅರ್ಧ ಕೆಲ್ಸ ಹೆಂಗಸರ ಕಣ್ಮುಂದೇನೇ ನಡೀತಿತ್ತು. ಅದನ್ನೂ ಬರೀಬೇಕು ಅನ್ನಿಸ್ತು.

ನಮ್ ಮಾವನೋರ ಹತ್ರ ಇದ್ದದ್ದು ಒಂಟಿ ನಳಿಗೆ ಕೇಪಿನ ಕೋವಿ. ಈಗಿನ ಹೈಕ್ಳಿಗೆ ಗೊತ್ತಿರಲ್ಲ, ಅದಕ್ಕೆ ಹೇಳ್ತೀನಿ. ಸಿನಿಮಾದಲ್ಲಿ ಕೋವಿ ಮುರಿದು ತೋಟಾ ತುರುಕ್ತಾರಲ್ಲ, ಇದು ಅದಲ್ಲ. ಇದಕ್ಕೆ ಎಲ್ಲಾನೂ ಬಾಯಿಂದಲೇ ತುಂಬಬೇಕು. ಮೊದ್ಲು ಮದ್ದು, ಅದರ ಮೇಲೆ ತೆಂಗಿನ ನಾರಿನ ಉಂಡೆ, ಆಮೇಲೆ ಚರೆ, ಮತ್ತೆ ನಾರು. ಉದ್ದನೆ ಕಡ್ಡೀಲಿ ಗಿಡಿದು ಕೂರ್ಸಬೇಕು. ಕೊನೇಲಿ ಹಿಂದುಗಡೆ ಮೊಲೆತೊಟ್ಟಿನಂಗೆ ಇರೋ ಜಾಗಕ್ಕೆ ತಾಮ್ರದ ಪುಟ್ಟ ಕೇಪು. ಕುದುರೆ ಬಂದು ಕೇಪಿಗೆ ಹೊಡೀತು ಅಂದ್ರೆ ಕಿಡಿ ಒಳಕ್ಕೆ ಹೋಗಿ ಮದ್ದು ಹತ್ಕೊಳುತ್ತೆ. ಒಂದು ಈಡು ಆದ್ಮೇಲೆ ಇನ್ನೊಂದು ತುಂಬೋ ಹೊತ್ಗೆ ಹಂದಿ ಹಿಂಡು ಊರಾಚೆ ಸೇರಿರುತ್ತೆ. ಅಂದ್ರೆ ರಾತ್ರಿಗೆ ಒಂದೇ ಈಡು ಅಂತ ತಿಳ್ಕೊಂಡೇ ಮಂಚಿಕೆ ಹತ್ತಬೇಕು.

ಅದಕ್ಕೇ ಆ ಒಂದು ಈಡು ಸರಿಯಾಗಿರಬೇಕಿತ್ತು. ಮದ್ದು ಕಮ್ಮಿ ಬಿತ್ತೋ, ಚರೆ ಹಂದಿ ಚರ್ಮ ಗೀರಿ ನಿಲ್ಲುತ್ತೆ, ಗಾಯ ಆದ ಹಂದಿ ಯಾರ ಮೇಲೆ ಬೀಳುತ್ತೋ ಹೇಳಕ್ಕಾಗಲ್ಲ. ಜಾಸ್ತಿ ಬಿತ್ತೋ, ನಳಿಗೆ ಒಡೆದು ಹಿಡ್ದೋನ ಕೈ ಹೋಗುತ್ತೆ. ಕಣ್ಣಳತೇಲಿ ಸುರ್ಕೊಂಡು ಎರಡು ಬೆರಳು ಕಳ್ಕೊಂಡವ್ರೊಬ್ರು ನಮ್ ಪಕ್ಕದೂರಲ್ಲೇ ಇದ್ರು. ಮಾವನೋರಿಗೆ ವಯಸ್ಸಾಗಿ ಕಣ್ಣು ಮಂಜಾದ್ಮೇಲೆ ಅಳತೆ ಕೆಲ್ಸ ಅತ್ತೆಮ್ಮನ ಪಾಲಿಗೆ ಬಂತು. ಒಂದು ಹಿತ್ತಾಳೆ ಬಟ್ಲು, ಹೆಬ್ಬೆಟ್ಟಿನ ತುದಿಯಷ್ಟು. ಹಗಲೊತ್ತು, ಒಲೆ ಆರಿದ್ಮೇಲೆ, ಜಗಲೀಲಿ ಕೂತು ಅದರಲ್ಲಿ ತುಂಬಿ, ಮೇಲೆ ಬಾಳೆನಾರು ಎಳೆದು ಸಮ ಮಾಡಿ, ಒಂದೊಂದೇ ಕಾಗದದಲ್ಲಿ ಸುತ್ತಿಡೋರು. ಕುಕ್ಕಿ ತುಂಬಿದ್ರೆ ಒಂದು ತೂಕ, ಹಗೂರಕ್ಕೆ ತುಂಬಿದ್ರೆ ಒಂದು ತೂಕ, ಅದಕ್ಕೆ ದಿನಾ ಒಂದೇ ಥರ ತುಂಬಬೇಕು ಅನ್ನೋರು. ಅಕ್ಕಿ ಅಳೆಯೋ ಹೆಂಗಸ್ರಿಗೆ ಇದನ್ನ ಬಿಡ್ಸಿ ಹೇಳ್ಬೇಕಾ? ಮಳೆಗಾಲದಲ್ಲಿ ಮದ್ದು ತಣುವು ಹಿಡೀದಂಗೆ ನೋಡ್ಕೊಳೋದು, ಹೈಕ್ಳ ಕೈಗೆ ಸಿಗದಂಗೆ ಇಡೋದು, ಕಪ್ಪು ಮದ್ದಿನ ಮಸಿ ತೊಳೆಯಕ್ಕೆ ಮಾರನೇ ದಿನ ಕುದಿಯೋ ನೀರು ಕಾಯ್ಸೋದು, ಇವೂ ನಮ್ ಪಾಲೇ. ಬಿಸಿನೀರಲ್ಲಿ ತೊಳೆದು ಒಣಗಿಸಿ ಎಣ್ಣೆ ಹಚ್ಚದಿದ್ರೆ ನಳಿಗೆ ಒಳಗೆ ತುಕ್ಕು ತಿಂದ್ಬಿಡುತ್ತೆ.

ಅತ್ತೆಮ್ಮ ಸುತ್ತಿಡ್ತಿದ್ರಲ್ಲ ಆ ಕಾಗದದ ಸುರುಳಿ, ಮೊದಲಿನ ಕಾಲದ ತೋಟಾ ಅಂದ್ರೆ ಹೆಚ್ಚುಕಮ್ಮಿ ಅದೇ. ಸಿಪಾಯಿಗಳು ಕಾಗದದ ತುದೀನ ಹಲ್ಲಲ್ಲಿ ಕಚ್ಚಿ ಹರಿದು ಮದ್ದು ಸುರೀಬೇಕಿತ್ತು. 1857ರಲ್ಲಿ ಆ ಕಾಗದಕ್ಕೆ ಹಸು, ಹಂದಿ ಕೊಬ್ಬು ಸವರಿದ್ದಾರೆ ಅನ್ನೋ ಮಾತು ಹಬ್ಬಿ ಉತ್ತರದಲ್ಲಿ ದಂಗೆ ಎದ್ದದ್ದು ನಾವೆಲ್ಲ ಸ್ಕೂಲಲ್ಲಿ ಓದಿದ್ದೀವಿ. ದಂಗೆ ಆದ್ಮೇಲೆ ಜನರ ಕೈಲಿದ್ದ ಆಯುಧಾನೆಲ್ಲ ಕಿತ್ಕೊಳಕ್ಕೆ ಕಂಪನಿ ಸರ್ಕಾರ ಕಾನೂನು ತಂತು. ಮುಧೋಳದ ಹತ್ರ ಹಲಗಲಿಯ ಬೇಡರು ಕೊಡಲ್ಲ ಅಂದ್ರು. ಬೇಟೆ ಆಡಿ ಬದುಕೋರಿಗೆ ಆಯುಧ ಬಿಟ್ರೆ ಇನ್ನೇನಿತ್ತು ಹೇಳಿ. ಅದೇ ವರ್ಷ ನವೆಂಬರಲ್ಲಿ ಸೈನ್ಯ ಬಂದು ಊರಿಗೇ ಬೆಂಕಿ ಇಟ್ಟು, ಹಿಡಿದೋರನ್ನ ಗಲ್ಲಿಗೇರಿಸ್ತು. ಆ ಲಾವಣಿ ಹೇಳುವಾಗ ನಮ್ ಕನ್ನಡ ಮೇಷ್ಟ್ರು ಕಣ್ಣು ಒರೆಸ್ಕೊಂಡದ್ದು ನಂಗೆ ಇನ್ನೂ ನೆನಪಿದೆ.

ಈಗ ನಮ್ ಪಕ್ಕದ ಕೊಡಗು ನೋಡಿ. ನಮ್ ತಾಲೂಕಿನ ಕೊಪ್ಪ ದಾಟಿ ಕಾವೇರಿ ಸೇತುವೆ ಆ ಕಡೆ ಕಾಲಿಟ್ರೆ ಕುಶಾಲನಗರ. 1861ರ ಫೆಬ್ರವರೀಲಿ, ಬೆಂಗಳೂರಲ್ಲಿ ಕಬ್ಬನ್ ಪಾರ್ಕ್ ಅಂತ ಇದ್ಯಲ್ಲ, ಅದೇ ಮಾರ್ಕ್ ಕಬ್ಬನ್ ಸಾಹೇಬ್ರು ಈ ಆಯುಧ ಕಿತ್ಕೊಳೋ ಕಾನೂನು ಕೊಡಗಿಗೆ ಅನ್ವಯ ಆಗಲ್ಲ ಅಂತ ಹುಕುಂ ಹೊರಡಿಸಿದ್ರು. ಬ್ರಿಟಿಷರ ಜೊತೆ ನಿಂತದ್ದಕ್ಕೆ ಮರ್ಯಾದೆ ಅದು. ಆಮೇಲೆ 1878ರಲ್ಲಿ ಇಡೀ ದೇಶಕ್ಕೆ ಆಯುಧ ಕಾಯ್ದೆ ಬಂದ್ರೂ ಆ ವಿನಾಯಿತಿ ಉಳೀತು. ಕೊಡವರಿಗೂ ಜಮ್ಮಾ ಭೂಮಿ ಇರೋರಿಗೂ ಈಗ್ಲೂ ಲೈಸೆನ್ಸಿಲ್ಲದೆ ಕೋವಿ ಇಟ್ಕೋಬೋದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರ ತನಕ ಮುಂದುವರ್ಸಿದೆ. ಸೆಪ್ಟೆಂಬರ್ 3ನೇ ತಾರೀಕು ಕೈಲ್ ಪೊಳ್ದ್ ಹಬ್ಬದಲ್ಲಿ ಅವರು ಕೋವಿಗೆ ಹೂವಿಟ್ಟು ಪೂಜೆ ಮಾಡ್ತಾರೆ. ಹೊಳೆ ಈ ಕಡೆ ಇರೋ ನಮಗೆ ಲೈಸೆನ್ಸು, ಠಾಣೆ, ಕಚೇರಿ. ಹಂದಿಗೆ ಮಾತ್ರ ಹೊಳೆ ಆ ಕಡೆ ಈ ಕಡೆ ಅಂತ ಇಲ್ಲ ನೋಡಿ.

ಸ್ವಾತಂತ್ರ್ಯ ಬಂದ್ಮೇಲೆ 1959ರಲ್ಲಿ ಹೊಸ ಆಯುಧ ಕಾಯ್ದೆ ಆಯ್ತು. ಅದರಲ್ಲಿ ಬೆಳೆ ಕಾಯೋ ರೈತನಿಗೆ ಅಂತಲೇ ಒಂದು ಮಾತಿದೆ. ನಿಜವಾಗ್ಲೂ ಬೆಳೆ ರಕ್ಷಣೆಗೆ ಅಂತಾದ್ರೆ ಬಾಯಿಂದ ತುಂಬೋ ಕೋವಿಗೆ ಲೈಸೆನ್ಸ್ ಕೊಡಬೇಕು ಅಂತ. ಓದಕ್ಕೆ ರೈತನ ಪರ ಇದ್ದಂಗೆ ಕಾಣುತ್ತೆ. ಆದ್ರೆ ನಂಗೆ ಅನ್ಸೋದು, ನಿಧಾನಕ್ಕೆ ತುಂಬೋ, ಗುರಿ ಕಮ್ಮಿ ಇರೋ ಕೋವಿ ಇಟ್ಕೊಂಡು ಇವ್ನು ಏನ್ ಮಾಡ್ತಾನೆ ಬಿಡು ಅನ್ನೋ ಲೆಕ್ಕಾಚಾರಾನೂ ಅದರಲ್ಲಿ ಇತ್ತು. ಲೋಕವೆಲ್ಲ ಬಿಟ್ಟ ಹಳೇ ಕೋವಿ ನಮ್ಮೂರಲ್ಲಿ ಇಷ್ಟು ದಿನ ಉಳಿದದ್ದಕ್ಕೆ, ಅತ್ತೆಮ್ಮ ಜಗಲೀಲಿ ಕೂತು ಮದ್ದು ಅಳೆದದ್ದಕ್ಕೆ ಆ ಒಂದು ಸಾಲೇ ಕಾರಣ.

ಆ ಕೇಪಿಗೂ ಒಂದು ಕತೆ ಇದೆ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸಿತ್ ಅಂತ ಒಬ್ಬ ಪಾದ್ರಿ, ಬಾತುಕೋಳಿ ಹೊಡೆಯೋ ಹುಚ್ಚು. ಆಗಿನ ಕೋವೀಲಿ ಕಲ್ಲಿನ ಕಿಡಿ ಮೊದ್ಲು ಹೊರಗಡೆ ಬುಸ್ ಅಂತ ಹತ್ಕೊಂಡು ಆಮೇಲೆ ಈಡು ಹಾರ್ತಿತ್ತು. ಆ ಬೆಳಕು ಕಂಡು ಹಕ್ಕಿ ತಪ್ಪಿಸ್ಕೊಳೋವಂತೆ. ಏಟು ಬಿದ್ರೆ ತಾನೇ ಸಿಡಿಯೋ ಮದ್ದಲ್ಲಿ ಹೊತ್ತಿಸೋ ಉಪಾಯ ಮಾಡಿ 1807ರಲ್ಲಿ ಪೇಟೆಂಟ್ ತಗೊಂಡ. ತಾಮ್ರದ ಟೋಪಿ ಆಮೇಲೆ ಬೇರೆಯೋರು ಮಾಡಿದ್ದು. ಚರೆ ಕತೆ ಇನ್ನೂ ಚೆನ್ನಾಗಿದೆ. ಇಂಗ್ಲೆಂಡಿನ ಬ್ರಿಸ್ಟಲ್ ಊರಲ್ಲಿ ವಿಲಿಯಂ ವಾಟ್ಸ್ ಅಂತ ಸೀಸದ ಕೊಳವೆ ಕೆಲಸದೋನು. ಕರಗಿದ ಸೀಸಾನ ಜಾಲರಿ ಮೇಲೆ ಹುಯ್ದು ಎತ್ತರದಿಂದ ನೀರಿಗೆ ಬೀಳ್ಸಿದ್ರೆ ಹನಿ ಗಾಳೀಲೇ ಗುಂಡಗಾಗುತ್ತೆ ಅಂತ ಕಂಡ್ಕೊಂಡ. ನಮ್ ಬೂಂದಿ ಥರಾನೇ ಕಣ್ರವ್ವ, ಎಣ್ಣೆ ಬದ್ಲು ನೀರು ಅಷ್ಟೆ. ಎತ್ತರ ಸಾಲ್ದೆ ತನ್ನ ಮನೆಗೇ ಗೋಪುರ ಎಬ್ಬಿಸಿ, ಅಂತಸ್ತಿನ ನೆಲ ಕೊರೆದು, ಕೆಳಗೂ ಅಗೆಸಿದನಂತೆ. ಪೇಟೆಂಟ್ 1782ರದು. ಅವನ ಹೆಂಡ್ತಿ ಏನಂದ್ಳೋ ಪಾಪ.

ಹನ್ನೆರಡು ಬೋರು ಅಂತ ಗಂಡಸರು ಹೇಳ್ತಾರಲ್ಲ, ಅದೂ ಉಂಡೆ ಲೆಕ್ಕಾನೇ. ಒಂದು ಪೌಂಡ್ ಸೀಸದಲ್ಲಿ ನಳಿಗೆಗೆ ಸರಿಹೋಗೋ ಹನ್ನೆರಡು ಗುಂಡು ಆದ್ರೆ ಅದು ಹನ್ನೆರಡು ಬೋರು. ಇಪ್ಪತ್ತು ಉಂಡೆ ಕಟ್ಟಿದ್ರೆ ಉಂಡೆ ಸಣ್ಣದಾಗುತ್ತೆ, ಅದಕ್ಕೆ ಇಪ್ಪತ್ತು ಬೋರಿನ ನಳಿಗೆ ಸಣ್ಣದು.

ಈ ಕೈಯಳತೆ ಬರೀ ಬಡವರ ಕೆಲ್ಸ ಅಂತ ನಾನು ತಿಳಿದಿದ್ದೆ. ನಮ್ ಭಾವನೋರ ಮಗ ಅಮೇರಿಕದಲ್ಲಿದ್ದಾನೆ. ಅವನ ಪಕ್ಕದ ಮನೆ ಯಜಮಾನರು ಹೊಲ ತೋಡೋ ಹೆಗ್ಗಣದಂಥ ಪ್ರಾಣಿ ಹೊಡೆಯಕ್ಕೆ ತಮ್ಮ ತೋಟಾ ತಾವೇ ಮನೇಲಿ ತುಂಬ್ಕೋತಾರಂತೆ. ಅದು ರೈಫಲ್. ನಳಿಗೆ ಒಳಗೆ ತಿರುಚಿದ ಗೆರೆ ಇರುತ್ತೆ, ಗುಂಡು ಬುಗುರಿ ಥರ ಸುತ್ತುತ್ತಾ ನೇರ ಹೋಗುತ್ತೆ. ಗುಂಡು ತೀರಾ ಸಣ್ಣದು, ಇಂಚಿನ ನೂರು ಭಾಗದಲ್ಲಿ ಇಪ್ಪತ್ತೆರಡು ಭಾಗ ಅಗಲ, ನಮ್ ಕೊತ್ತಂಬರಿ ಬೀಜದಷ್ಟು. ಹಾರಿದ ಹಿತ್ತಾಳೆ ಚಿಪ್ಪನ್ನ ಬಿಸಾಕಲ್ಲ, ತೊಳೆದು, ಆಕಾರಕ್ಕೆ ತಂದು, ಹೊಸ ಕೇಪು, ಮದ್ದು, ಗುಂಡು ಕೂರಿಸ್ತಾರೆ. ಅಂಗಡೀದಕ್ಕಿಂತ ಇದೇ ಗುರಿ ಜಾಸ್ತಿ ಅಂತೆ, ಯಾಕಂದ್ರೆ ಅವರ ಕೋವಿಗೆ ಒಪ್ಪೋ ಅಳತೆ ಹುಡುಕ್ಕೊಂಡು ಪ್ರತಿಯೊಂದನ್ನೂ ಅದೇ ಥರ ತುಂಬ್ತಾರೆ. ಮದ್ದು ತೂಗೋದು ಗ್ರೇನು ಅನ್ನೋ ತೂಕದಲ್ಲಿ. ಅಕ್ಕಸಾಲಿಯ ಒಂದು ಗುಲಗಂಜಿ ಹತ್ರಹತ್ರ ಎರಡು ಗ್ರೇನು. ಅವರು ಗ್ರೇನಿನ ಹತ್ತನೇ ಒಂದು ಭಾಗದವರ್ಗೂ ನೋಡ್ತಾರೆ, ಅಂದ್ರೆ ಎರಡು ರಾಗಿ ಕಾಳಿನ ತೂಕ! ಅತ್ತೆಮ್ಮ ಇದನ್ನ ಕೇಳಿದ್ರೆ ಬಾಳೆನಾರು ಎಳೆದದ್ದು ಸುಮ್ನೆ ಅಲ್ಲ ಅಂತ ಬೀಗೋರು. ಆದ್ರೆ ನಮ್ ದೇಶದಲ್ಲಿ ಲೈಸೆನ್ಸಿಲ್ಲದೆ ಮನೇಲಿ ತೋಟಾ ತಯಾರು ಮಾಡೋದು ಅಪರಾಧ, ಅದನ್ನ ಮರೀಬೇಡಿ. ಈಗಿನ ಹೊಗೆ ಇಲ್ಲದ ಮದ್ದನ್ನ ಹಳೇ ಕೇಪಿನ ಕೋವಿಗೆ ಹಾಕಿದ್ರೂ ನಳಿಗೆ ಒಡೆದುಹೋಗುತ್ತೆ.

ಅತ್ತೆಮ್ಮ ಒಂದು ವಿಚಾರದಲ್ಲಿ ಬಲು ಗಟ್ಟಿ. ಸೀಸ ಕರಗಿಸೋ ಸೌಟು ಅಡುಗೆಮನೆ ಹೊಸ್ಲು ದಾಟಂಗಿರಲಿಲ್ಲ. ಮಾವನೋರು ಹಿತ್ಲಲ್ಲೇ ಮೂರು ಕಲ್ಲಿಟ್ಟು ಕರಗಿಸ್ಬೇಕಿತ್ತು. ಮಡಿ ಅಂತ ಅವರು ಹೇಳ್ತಿದ್ರು. ಈಗ ಡಾಕ್ಟ್ರು ಹೇಳೋದು ಸೀಸ ಮಕ್ಕಳ ಮಿದುಳಿಗೆ ವಿಷ ಅಂತ. ಹಳೇ ಅಚ್ಚು, ಚರೆ ಅಟ್ಟದ ಮೇಲೆ ಸಿಕ್ರೆ ಹೈಕ್ಳಿಗೆ ಆಡಕ್ಕೆ ಕೊಡಬೇಡಿ.

1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. 2022ರ ತಿದ್ದುಪಡಿ ತನಕ ಅದರ ಪ್ರಕಾರ ಇಲಿ, ಕಾಗೆ, ಬಾವಲಿ ಕೀಟಲೆ ಪ್ರಾಣಿ ಆಗಿದ್ವು, ಕಾಡುಹಂದಿ ಅಲ್ಲ. ಬೆಳೆ ಹಾಳು ಮಾಡೋ ಹಂದೀನ ಹೊಡೀಬೇಕಾದ್ರೂ ಅರಣ್ಯ ಇಲಾಖೆ ಅಪ್ಪಣೆ ಬೇಕು. ಬರಬರ್ತಾ ಕೋವಿ ಬರೀ ಸದ್ದು ಮಾಡಕ್ಕೆ ಆಯ್ತು, ಚರೆ ಇಲ್ದೆ ಮದ್ದು ಮಾತ್ರ. ಚುನಾವಣೆ ಬಂದಾಗೆಲ್ಲ ಠಾಣೆಗೆ ಒಪ್ಪಿಸ್ಬೇಕು. ಒಂದ್ಸಲ ವಾಪಸ್ ಬಂದಾಗ ನಳಿಗೆ ತುಕ್ಕು ಹಿಡ್ದಿತ್ತು, ಮಾವನೋರು ಆವತ್ತು ಊಟ ಮಾಡ್ಲಿಲ್ಲ.

ಕೋವಿ ಮೂಲೆ ಸೇರಿದ್ಮೇಲೆ ಹಂದಿ ಕಮ್ಮಿ ಆಗ್ಲಿಲ್ಲ. ಶುಂಠಿ, ಜೋಳ, ಗೆಣಸು ಎಲ್ಲಾ ಬುಡಸಮೇತ. ಹೊಟ್ಟೆಗಿಚ್ಚಿಗೆ ಕೆಲವ್ರು ಬೇಲಿಗೆ ಕರೆಂಟು ಕೊಡ್ತಾರೆ, ಇನ್ ಕೆಲವ್ರು ಸಿಡಿಮದ್ದಿನ ಉಂಡೆ ಇಡ್ತಾರೆ. ತಂತಿಗೆ ತಗುಲಿ ಆನೆ ಸಾಯ್ತವೆ, ನೀರು ಕಟ್ಟಕ್ಕೆ ಹೋದ ಮನುಷ್ಯನೂ ಸಾಯ್ತಾನೆ. ಸಿಡಿಮದ್ದು ಕಚ್ಚಿ ದವಡೆ ಹರ್ದೋದ ಹಸೂನ ನಾನೇ ಕಣ್ಣಾರೆ ಕಂಡಿದ್ದೀನಿ, ಮೂರು ದಿನ ನೀರು ಕುಡೀಲಾರದೆ ನಿಂತಿತ್ತು. ಅಳೆದು ತುಂಬಿದ ಈಡಿಗೆ ಹಿಂದೆ ಒಬ್ಬ ಮನುಷ್ಯ ಇರ್ತಿದ್ದ, ನೋಡಿ ಹೊಡೀತಿದ್ದ. ಇವುಕ್ಕೆ ಕಣ್ಣೇ ಇಲ್ಲ.

ಮಾವನೋರು ಹೋದ್ಮೇಲೆ ಕೋವಿ ಪೇಟೆ ಅಂಗಡೀಲಿ ಡಿಪಾಜಿಟ್ ಇದೆ, ವರ್ಷಾ ವರ್ಷಾ ಬಾಡಿಗೆ ಕಟ್ತಾ ಇದ್ದೀವಿ. ಲೈಸೆನ್ಸ್ ಮಗನ ಹೆಸರಿಗೆ ಮಾಡ್ಸೋದಾ, ಸರ್ಕಾರಕ್ಕೆ ಒಪ್ಸೋದಾ ಅಂತ ಇನ್ನೂ ತೀರ್ಮಾನ ಆಗಿಲ್ಲ. ಒಪ್ಸಿಬಿಡಿ, ಅವನಿಗೆ ಅಳೆಯೋ ತಾಳ್ಮೆ ಇಲ್ಲ ಅಂತ ನಾನು ಹೇಳಿದ್ದೀನಿ. ನಮ್ ಮನೆಯೋರು ಕೇಳಿ ಸುಮ್ನಿದ್ದಾರೆ. ಈ ಸಲ ಜೋಳದ ಹೊಲದ ಸುತ್ತ ಹಳೇ ಸೀರೆ ಕಟ್ಟಿದ್ದೀವಿ, ಹನ್ನೊಂದು ಆಯ್ತು, ಬಡಗಣ ಬದಿಗೆ ಇನ್ನೂ ಐದಾರು ಬೇಕು. ಯಾರ ಹತ್ರಾನಾದ್ರೂ ಹರಿದ ಸೀರೆ ಇದ್ರೆ ಸಂತೆ ದಿನ ಕೊಟ್ಟು ಕಳ್ಸಿ.